ತಿರುವಿನಲ್ಲಿ ನಿಂತ ನೀರು: ಒಂದು ಜಂಟಿ ದಾರಿಯ ಪ್ರಕರಣ ಅಧ್ಯಯನ

ಬಿದ್ದವರು ಇಬ್ಬರು. ಒಬ್ಬರು ನಲವತ್ತರ ಆಸುಪಾಸಿನ ಸೈಕಲ್ ಸವಾರ, ಇನ್ನೊಬ್ಬರು ಅರವತ್ತು ದಾಟಿದ ಅಜ್ಜಿ. ಸವಾರರ ಮೊಣಕೈ ತರಚಿತು, ಅಜ್ಜಿಯ ಮಣಿಕಟ್ಟಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಜೊತೆಗಿದ್ದ ಐದು ವರ್ಷದ ಮೊಮ್ಮಗಳಿಗೆ ಗೀರೂ ಆಗಲಿಲ್ಲ. ನಾನು ಅಲ್ಲಿಗೆ ಬಂದಾಗ ಎಲ್ಲ ಮುಗಿದು ಎರಡು ನಿಮಿಷವಾಗಿರಬೇಕು. ಅಡ್ಡಬಿದ್ದ ಸೈಕಲ್ಲಿನ ಹಿಂಚಕ್ರ ನಿಂತಿತ್ತು, ಮಾತು ನಿಂತಿರಲಿಲ್ಲ.

ಆ ನಿಸರ್ಗ ಉದ್ಯಾನದಲ್ಲಿ ನಾನು ವಾರಕ್ಕೆ ಮೂರು ದಿನ ನಡೆಯುತ್ತೇನೆ, ಎರಡು ದಿನ ಸೈಕಲ್ ಹೊಡೆಯುತ್ತೇನೆ. ಹಾಗಾಗಿ ಈ ಜಗಳದಲ್ಲಿ ನನಗೆ ಎರಡೂ ಪಕ್ಷದ ಸದಸ್ಯತ್ವವಿದೆ, ಎರಡೂ ಪಕ್ಷದವರ ಅನುಮಾನವೂ ಇದೆ. ಕೆರೆಯನ್ನು ಸುತ್ತುವ ಅಲ್ಲಿನ ದಾರಿ ಜಂಟಿ ದಾರಿ: ನಡೆಯುವವರಿಗೂ ಸೈಕಲ್ಲಿಗೂ ಒಂದೇ. ನಡುವೆ ಗೆರೆಯಿಲ್ಲ, ಕಟ್ಟೆಯಿಲ್ಲ. ಡಾಂಬರೂ ಇಲ್ಲ, ಗರಸು ಹಾಸಿ ಉರುಳೆ ಹೊಡೆದ ನೆಲ. ಢಿಕ್ಕಿ ನಡೆದ ಜಾಗ ಆ ದಾರಿಯ ಪಶ್ಚಿಮದ ಇಳಿಜಾರು. ಅಲ್ಲಿ ದಾರಿ ಕೆಳಗಿಳಿಯುತ್ತ ಎಡಕ್ಕೆ ತಿರುಗುತ್ತದೆ. ಎಡಗಡೆ ಕೆರೆ ಮತ್ತು ಎದೆಯೆತ್ತರದ ಪೊದೆ, ಬಲಗಡೆ ದಿಬ್ಬ. ದಿಬ್ಬದ ಬುಡದಲ್ಲಿ ಮಳೆನೀರು ಹರಿದುಹೋಗಲು ಒಂದು ಗೇಣು ಅಗಲದ ಬಗಲು ಚರಂಡಿ. ಈ ಚರಂಡಿಯನ್ನು ನೆನಪಿಡಿ. ನಾವು ಯಾರೂ ಮೊದಲಿಗೆ ಅದನ್ನು ನೋಡಲಿಲ್ಲ.

ಮೂವರು ಹೇಳಿದ್ದು

ಸವಾರರು ಹೇಳಿದ್ದು: "ಬೆಲ್ ಹೊಡೆದೆ. ಬ್ರೇಕನ್ನೂ ಹಿಡಿದೆ. ಇಬ್ಬರು ಆಚೀಚೆ ಸರಿದು ನಡುವೆ ದಾರಿ ಬಿಟ್ಟರು. ಬಿಟ್ಟ ದಾರಿಯಲ್ಲಿ ಹೊರಟೆ, ಮಗು ಅಡ್ಡ ಓಡಿಬಂತು."

ಅಜ್ಜಿ ಹೇಳಿದ್ದು: "ಬೆಲ್ ಕೇಳಿಸಿತು. ಮುಂದಿನಿಂದ ಬರುತ್ತಿದ್ದಾರೆ ಎಂದುಕೊಂಡೆ. ಮುಂದೆ ನೋಡುತ್ತ ಪೊದೆಯ ಕಡೆ ಸರಿದೆ."

ಅಜ್ಜಿಯ ಜೊತೆ ನಡೆಯುತ್ತಿದ್ದ ಗೆಳತಿ ಹೇಳಿದ್ದು: "ಕಿವಿಯ ಬುಡದಲ್ಲೇ ಬೆಲ್ ಹೊಡೆದರೆ ಏನು ಬಂತು? ಮಗುವನ್ನು ಹಿಡಿದುಕೊಳ್ಳೋಣ ಎಂದು ಬಲಕ್ಕೆ ಹೋದೆ. ಕಾಲು ನೀರಿಗೆ ಬಿತ್ತು. ಅಷ್ಟರಲ್ಲಿ ಮಗು ಅಜ್ಜಿಯ ಕಡೆ ಓಡಿತು."

ಮೂರೂ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರೂ ಸುಳ್ಳು ಹೇಳಿಲ್ಲ ಎಂಬುದು ಗೊತ್ತಾಗುತ್ತದೆ. ಯಾರೂ ತಮ್ಮ ಮಟ್ಟಿಗೆ ತಪ್ಪು ಮಾಡಿದಂತೆಯೂ ಕಾಣುವುದಿಲ್ಲ. ಅಪಘಾತದ ಹೇಳಿಕೆಗಳು ಹೀಗೆ ಒಂದಕ್ಕೊಂದು ಕೂಡಿಬಂದಾಗಲೇ ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದು ನನ್ನ ಅನುಭವ. ಕೆಟ್ಟವನೊಬ್ಬ ಸಿಕ್ಕಿಬಿಟ್ಟರೆ ಕೆಲಸ ಹಗುರ, ಬೈದು ಮನೆಗೆ ಹೋಗಬಹುದು. ಇಲ್ಲಿ ಹಾಗಾಗಲಿಲ್ಲ.

ಆದರೂ ಬೈಯುವುದು ನಡೆಯಿತು. ಮಾರನೆಯ ವಾರ ಉದ್ಯಾನದ ಆಡಳಿತ ಬಳಕೆದಾರರ ಸಭೆ ಕರೆದಾಗ ಕೋಣೆಯ ಒಂದು ಬದಿಯಲ್ಲಿ ನಡೆಯುವವರು, ಇನ್ನೊಂದು ಬದಿಯಲ್ಲಿ ಸೈಕಲ್ಲಿನವರು ಕುಳಿತಿದ್ದರು. ಯಾರೂ ಹಾಗೆ ಕೂರಿಸಿರಲಿಲ್ಲ. ಈ ಬದಿಯವರ ದೂರು, ಸೈಕಲ್ಲಿನವರು ಉದ್ಯಾನವನ್ನು ಪಂದ್ಯದ ಮೈದಾನ ಮಾಡಿಕೊಂಡಿದ್ದಾರೆ. ಆ ಬದಿಯವರ ದೂರು, ನಡೆಯುವವರು ದಾರಿಯ ಅಗಲಕ್ಕೂ ಹರಡಿಕೊಂಡು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ನಾಯಿಯ ಹಗ್ಗವನ್ನು ಅಡ್ಡ ಎಳೆದುಕೊಂಡು ನಡೆಯುತ್ತಾರೆ. ಎರಡೂ ನಿಜ. ಎರಡಕ್ಕೂ ಈ ಢಿಕ್ಕಿಗೂ ಸಂಬಂಧವಿಲ್ಲ. ಸವಾರರು ಪಂದ್ಯದವರಲ್ಲ, ಕೆಲಸಕ್ಕೆ ಹೊರಟವರು. ಅಜ್ಜಿಯ ಕಿವಿಯಲ್ಲಿ ಏನೂ ಇರಲಿಲ್ಲ, ಕೈಯಲ್ಲಿ ನಾಯಿಯೂ ಇರಲಿಲ್ಲ.

ಬಯಲು ವಿಹಾರದ ಜಗಳಗಳನ್ನು ಅಭ್ಯಾಸ ಮಾಡುವವರು 1980ರಿಂದಲೂ ಒಂದು ಮಾತು ಹೇಳುತ್ತ ಬಂದಿದ್ದಾರೆ: ಘರ್ಷಣೆ ಎಂದರೆ ನಾನು ಬಂದ ಉದ್ದೇಶಕ್ಕೆ ಅಡ್ಡಿಯಾಗುವುದು, ಆ ಅಡ್ಡಿಗೆ ಕಾರಣ ಇನ್ನೊಬ್ಬನ ನಡವಳಿಕೆ ಎಂದು ನನಗೆ ಅನಿಸುವುದು. ಎರಡನೆಯ ಭಾಗವೇ ಮುಖ್ಯ. ಅಡ್ಡಿ ಕಲ್ಲಿನಿಂದಾದರೆ ಅದು ಘರ್ಷಣೆಯಲ್ಲ, ಎಡವಿದ್ದು ಅಷ್ಟೆ. ಮನುಷ್ಯನಿಂದಾದರೆ ಮಾತ್ರ ಸಿಟ್ಟು. ಈ ಸಿಟ್ಟು ಎರಡು ಕಡೆಗೂ ಸಮನಾಗಿ ಹಂಚಿಹೋಗುವುದೂ ಇಲ್ಲ. ನಡೆಯುವವರಿಗೆ ಸೈಕಲ್ ಕಂಡರೆ ಆಗುವಷ್ಟು ಕಿರಿಕಿರಿ ಸೈಕಲ್ಲಿನವರಿಗೆ ನಡೆಯುವವರನ್ನು ಕಂಡರೆ ಆಗುವುದಿಲ್ಲ. ನನಗಂತೂ ಇದು ನನ್ನಲ್ಲೇ ಕಾಣುತ್ತದೆ: ನಡೆಯುವ ದಿನ ಸೈಕಲ್ಲುಗಳೆಲ್ಲ ವೇಗವಾಗಿ ಹೋಗುತ್ತಿವೆ ಎನಿಸುತ್ತದೆ, ಸೈಕಲ್ಲಿನ ದಿನ ನಾನು ಮಾತ್ರ ನಿಧಾನವಾಗಿ ಹೋಗುತ್ತಿರುತ್ತೇನೆ.

ಅಳತೆ

ಸಭೆ ಮುಗಿದ ಮೇಲೆ ನಾವು ನಾಲ್ವರು ಟೇಪು, ಸುಣ್ಣದ ಪುಡಿ, ಒಂದು ಕೋಲು ಹಿಡಿದು ತಿರುವಿಗೆ ಹೋದೆವು. ಸವಾರರೂ ಬಂದರು, ಅಜ್ಜಿಯ ಗೆಳತಿಯೂ ಬಂದರು. ಇಬ್ಬರೂ ಬಂದದ್ದರಿಂದಲೇ ಈ ಬರಹ ಸಾಧ್ಯವಾಯಿತು. ಹಿಂದಿನ ರಾತ್ರಿ ಮಳೆಯಾಗಿದ್ದು ನಮ್ಮ ಅದೃಷ್ಟ, ಏಕೆಂದರೆ ಅಪಘಾತದ ದಿನವೂ ಮಳೆಯ ಮರುದಿನವೇ ಆಗಿತ್ತು.

ದಾರಿಯ ಅಗಲ 2.4 ಮೀಟರ್. ಬಲಬದಿಯಲ್ಲಿ, ದಿಬ್ಬಕ್ಕೆ ತಾಗಿದಂತೆ, ಕೆಸರು ನೀರು ನಿಂತಿತ್ತು. ಚರಂಡಿಯಲ್ಲಿ ಕೊಳೆತ ಎಲೆ ತುಂಬಿಕೊಂಡು ನೀರು ದಾರಿಗೆ ನುಗ್ಗಿ, ನೆಲ ಸವೆದು ತಟ್ಟೆಯ ಹಾಗೆ ತಗ್ಗಾಗಿತ್ತು. ಆ ಹೊಂಡದ ಅಗಲ 90 ಸೆಂಟಿಮೀಟರ್. ಉಳಿದದ್ದು ಒಂದೂವರೆ ಮೀಟರ್. ಇಬ್ಬರು ಮಾತಾಡುತ್ತ ಜೊತೆಯಾಗಿ ನಡೆಯಲು ಅಷ್ಟೇ ಬೇಕು. ಸೈಕಲ್ಲಿನ ಹ್ಯಾಂಡಲ್ 60-70 ಸೆಂಟಿಮೀಟರ್ ಅಗಲವಿರುತ್ತದೆ, ಅದರ ಆಚೀಚೆ ಒಂದಷ್ಟು ಉಸಿರಾಡುವ ಜಾಗ ಬೇಕು. ಅಂದರೆ ಮಳೆಯ ಮರುದಿನ ಆ ತಿರುವಿನಲ್ಲಿ ಇಬ್ಬರನ್ನು ದಾಟಿ ಹೋಗಲು ಸೈಕಲ್ಲಿಗೆ ಜಾಗವೇ ಇಲ್ಲ. ಒಣ ದಿನ ಇದೆ. ಫಲಕ ಎರಡೂ ದಿನ ಒಂದೇ ಮಾತು ಹೇಳುತ್ತದೆ: ಸೈಕಲ್ ನಿಧಾನ.

ಇನ್ನೂ ಒಂದು ಸಂಗತಿ. ನೀರು ಬಲಕ್ಕೆ ನಿಂತಿದ್ದರಿಂದ ನಡೆಯುವವರೆಲ್ಲ ಎಡಕ್ಕೆ, ಪೊದೆಗೆ ಒತ್ತಿಕೊಂಡು ಹೋಗುತ್ತಾರೆ. ತಿರುವಿನ ಒಳಮೈ ಅದು. ಮೇಲಿನಿಂದ ಬರುವವರಿಗೆ ಎಲ್ಲಕ್ಕಿಂತ ತಡವಾಗಿ ಕಾಣುವ ಜಾಗವೂ ಅದೇ. ಎಷ್ಟು ತಡ ಎಂದು ನೋಡಲು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಅಜ್ಜಿ ನಡೆಯುತ್ತಿದ್ದ ಜಾಗದಲ್ಲಿ ನಿಲ್ಲಿಸಿದೆವು. ಸವಾರರು ಸೈಕಲ್ ಮೇಲೆ ಕುಳಿತು, ಒಬ್ಬರು ಹಿಡಿದುಕೊಂಡು, ಹಿಂದಿನಿಂದ ಮೆಲ್ಲಗೆ ಬಂದರು. ಬಟ್ಟೆ ಕಂಡದ್ದು 14 ಮೀಟರ್ ದೂರದಿಂದ. ಅನಂತರ ಕೋಲನ್ನು ಮಗು ನಿಂತಿದ್ದ ಜಾಗಕ್ಕೆ, ಬಲಗಡೆ ನೀರಿನ ಅಂಚಿಗೆ ಒಯ್ದೆವು. ಅಲ್ಲಿ 22 ಮೀಟರ್ ದೂರದಿಂದಲೇ ಕಂಡಿತು.

ಸವಾರರು ಸೈಕಲ್ಲಿನಿಂದ ಇಳಿದು ನಿಂತುಬಿಟ್ಟರು. "ಹೌದು, ಮೊದಲು ಕಂಡದ್ದು ಮಗು" ಎಂದರು. ಅದುವರೆಗೆ ಈ ಮಾತನ್ನು ಅವರು ಹೇಳಿರಲಿಲ್ಲ. ಮರೆಮಾಚಿದ್ದಲ್ಲ, ನೆನಪಿಗೇ ಬಂದಿರಲಿಲ್ಲ. ಮಗು ನೀರಿನ ಹತ್ತಿರ ಕೂತು ಕಡ್ಡಿಯಿಂದ ಕಲಕುತ್ತಿತ್ತು. ಮಕ್ಕಳು ನೀರು ನಿಂತಲ್ಲಿ ಇನ್ನೇನು ಮಾಡುತ್ತಾರೆ? ಅದನ್ನು ಕಂಡ ಸವಾರರು ಒಳ್ಳೆಯ ಸವಾರ ಮಾಡಬೇಕಾದದ್ದನ್ನೇ ಮಾಡಿದರು. ಮಗುವಿನಿಂದ ದೂರವಿರಲು ಎಡಕ್ಕೆ ಸರಿದರು. ಎಡಗಡೆ, ಪೊದೆಯ ಮರೆಯಲ್ಲಿ, ಇಬ್ಬರು ಹೆಂಗಸರು ನಡೆಯುತ್ತಿದ್ದರು.

ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಇದೇ. ಢಿಕ್ಕಿಯ ಕಡೆಗೆ ಸೈಕಲ್ಲನ್ನು ತಿರುಗಿಸಿದ್ದು ಮಗುವಿನ ಮೇಲಿನ ಕಾಳಜಿ.

ಇನ್ನು ವೇಗ. ಸವಾರರ ಮೊಬೈಲಿನಲ್ಲಿ ಆ ಕ್ಷಣದ ವೇಗ ದಾಖಲಾಗಿತ್ತು: ಗಂಟೆಗೆ 24 ಕಿಲೋಮೀಟರ್. ಅವರು ಪೆಡಲ್ ತುಳಿಯುತ್ತಿರಲಿಲ್ಲ, ಇಳಿಜಾರು ಕೊಟ್ಟ ವೇಗ. 24 ಎಂದರೆ ಸೆಕೆಂಡಿಗೆ 6.7 ಮೀಟರ್. ಕಂಡದ್ದನ್ನು ತಿಳಿದುಕೊಂಡು ಬ್ರೇಕ್ ಕಚ್ಚುವ ಹೊತ್ತಿಗೆ ಒಂದೂವರೆ ಸೆಕೆಂಡ್ ಎಂದು ಹಿಡಿದರೆ 10 ಮೀಟರ್ ಅಲ್ಲೇ ಹೋಯಿತು. ಹಸಿ ಗರಸಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿಯುವಂತಿಲ್ಲ, ಚಕ್ರ ಜಾರುತ್ತದೆ. ಪ್ರತಿ ಸೆಕೆಂಡಿಗೆ ವೇಗ 2 ಮೀಟರ್‌ನಂತೆ ಇಳಿಯುತ್ತದೆ ಎಂದುಕೊಂಡರೆ ಪೂರ್ತಿ ನಿಲ್ಲಲು ಇನ್ನೂ 11 ಮೀಟರ್. ಒಟ್ಟು 21. ಕಣ್ಣಿಗೆ ಸಿಕ್ಕದ್ದು 14. ಅದೇ ಲೆಕ್ಕದಲ್ಲಿ 20 ಕಿಲೋಮೀಟರ್ ವೇಗಕ್ಕೆ 16 ಮೀಟರ್ ಬೇಕು, 15 ಕಿಲೋಮೀಟರ್ ವೇಗಕ್ಕೆ ಹತ್ತೂವರೆ ಸಾಕು. ಆ ತಿರುವಿನಲ್ಲಿ 18ಕ್ಕಿಂತ ಹೆಚ್ಚು ವೇಗದಲ್ಲಿ ಬರುವ ಯಾರೇ ಆಗಲಿ, ಎಷ್ಟೇ ಸಜ್ಜನರಾಗಲಿ, ಕಾಣದ ಜಾಗಕ್ಕೆ ನುಗ್ಗುತ್ತಿರುತ್ತಾರೆ. ಸವಾರರಿಗೆ ಈ ಲೆಕ್ಕ ತೋರಿಸಿದಾಗ ಅವರು ವಾದಿಸಲಿಲ್ಲ. ಆದರೆ ಹೇಳಿದ ಮಾತು ಇದು: "24 ಅಲ್ಲಿ ವೇಗ ಎನಿಸುವುದೇ ಇಲ್ಲ." ನಾನು ಮರುದಿನ ಅದೇ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಇಳಿದು ನೋಡಿದೆ. ಎನಿಸುವುದಿಲ್ಲ. ನಡೆಯುವವರ ವೇಗ ಸೆಕೆಂಡಿಗೆ 1.4 ಮೀಟರ್, ಅವರ ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಅದೇ 24 ಗಾಳಿ ಬೀಸಿದಂತೆ ಹಾದುಹೋಗುತ್ತದೆ.

ಬೆಲ್ ಎಂಬ ಸಾಧನ

ಸಭೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತು ಖರ್ಚಾಗಿದ್ದು ಬೆಲ್ಲಿನ ಮೇಲೆ. ಅದಕ್ಕೇ ನಾವೂ ಅದರ ಮೇಲೆ ಒಂದು ಬೆಳಿಗ್ಗೆ ಖರ್ಚು ಮಾಡಿದೆವು.

ಮೊದಲು ಬೆರಳಿನ ಸಂಗತಿ. ಸವಾರರ ಸೈಕಲ್ಲಿನಲ್ಲಿ ಬೆಲ್ ಎಡಗಡೆ, ಹಿಡಿಯಿಂದ ಒಂದು ಬೆರಳಿನಷ್ಟು ಒಳಗೆ. ಹೆಬ್ಬೆರಳು ಅಲ್ಲಿಗೆ ಮುಟ್ಟಬೇಕಾದರೆ ಅಂಗೈ ಹಿಡಿಯ ಮೇಲೆ ತಿರುಗಬೇಕು. ತಿರುಗಿದಾಗ ಬ್ರೇಕಿನ ಮೇಲಿದ್ದ ಎರಡು ಬೆರಳು ಸಡಿಲವಾಗುತ್ತವೆ. ಬೆಲ್ ಹೊಡೆದು ಬೆರಳು ಮತ್ತೆ ಬ್ರೇಕಿಗೆ ಬರುವುದರೊಳಗೆ ಹೆಚ್ಚುಕಡಿಮೆ ಒಂದು ಸೆಕೆಂಡ್. ಅಷ್ಟರಲ್ಲಿ ಸೈಕಲ್ ಸುಮಾರು 7 ಮೀಟರ್ ಮುಂದೆ ಹೋಗಿರುತ್ತದೆ. 14 ಮೀಟರ್ ಇದ್ದವರಿಗೆ ಅದರಲ್ಲಿ ಅರ್ಧ ಬೆಲ್ಲಿಗೇ ಹೋಯಿತು. ತುರ್ತಿನಲ್ಲಿ ಬೆಲ್ ಹೊಡೆಯುವುದೆಂದರೆ ಬ್ರೇಕನ್ನು ಅಡವಿಟ್ಟು ಸದ್ದು ಕೊಳ್ಳುವುದು.

ಎರಡನೆಯದು ಕಿವಿಯ ಸಂಗತಿ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ಕಿವಿಗಳು ಚೆನ್ನಾಗಿ ಹೇಳುತ್ತವೆ, ಏಕೆಂದರೆ ಒಂದು ಕಿವಿಗೆ ಸದ್ದು ಕಣಮಾತ್ರ ಮೊದಲು ಮುಟ್ಟುತ್ತದೆ. ನೇರ ಹಿಂದಿನಿಂದ ಬಂದ ಸದ್ದು ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತದೆ. ನೇರ ಮುಂದಿನಿಂದ ಬಂದದ್ದೂ ಹಾಗೆಯೇ. ಹಿಂದೋ ಮುಂದೋ ಎಂಬುದು ತಲೆ ತಿರುಗಿಸಿದ ಮೇಲೇ ಖಚಿತವಾಗುವುದು. ಅಜ್ಜಿ "ಮುಂದಿನಿಂದ ಎಂದುಕೊಂಡೆ" ಎಂದಾಗ ಸಭೆಯಲ್ಲಿ ಒಬ್ಬಿಬ್ಬರು ನಕ್ಕಿದ್ದರು. ನಾವು ನಾಲ್ವರೂ ಸರದಿಯಂತೆ ಕಣ್ಣುಮುಚ್ಚಿ ದಾರಿಯ ನಡುವೆ ನಿಂತು, ಉಳಿದವರು ಮುಂದೆ ಹಿಂದೆ ಬೆಲ್ ಹೊಡೆದು ನೋಡಿದೆವು. ನಾಲ್ವರೂ ಒಂದಲ್ಲ ಒಂದು ಸಲ ತಪ್ಪಿದೆವು. ನಕ್ಕವರಲ್ಲಿ ಒಬ್ಬರು ನಮ್ಮ ಗುಂಪಿನಲ್ಲೇ ಇದ್ದರು ಎಂಬುದನ್ನು ಇಲ್ಲಿ ಬರೆಯದೆ ಬಿಡಲಾರೆ.

ಮೂರನೆಯದು, ಬೆಲ್ ಕೇಳಿದ ಮೇಲೆ ಜನ ಮಾಡುವ ಕೆಲಸ. ಜೊತೆಯಾಗಿ ನಡೆಯುತ್ತಿರುವ ಇಬ್ಬರು ಬೆಲ್ ಕೇಳಿದರೆ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಹಾರುತ್ತಾರೆ. ಆಮೇಲೆ ಒಬ್ಬರನ್ನೊಬ್ಬರು ನೋಡಿ, ಬೇರೆಯಾದೆವಲ್ಲ ಎಂದು, ಇಬ್ಬರಲ್ಲಿ ಒಬ್ಬರು ಮತ್ತೆ ಇನ್ನೊಂದು ಬದಿಗೆ ಬರುತ್ತಾರೆ. ಈ ಎರಡನೆಯ ದಾಟುವಿಕೆ ಸೈಕಲ್ಲಿನ ಲೆಕ್ಕದಲ್ಲಿ ಇರುವುದೇ ಇಲ್ಲ. ಮಗುವಿದ್ದರೆ ಮಗು ತಾನು ನಂಬುವವರ ಕಡೆಗೇ ಓಡುತ್ತದೆ, ಹತ್ತಿರ ಇರುವವರ ಕಡೆಗಲ್ಲ. ಗೆಳತಿ ಮಗುವನ್ನು ಹಿಡಿಯಲು ಬಲಕ್ಕೆ ಹೋದರು, ಮಗು ಅಜ್ಜಿಗಾಗಿ ಎಡಕ್ಕೆ ಓಡಿತು. ನಡುವೆ ತೆರೆದ ದಾರಿ ಯಾರಿಗೂ ಬಿಟ್ಟ ದಾರಿಯಾಗಿರಲಿಲ್ಲ. ಸವಾರರು ಮುಂದಿನ ಬ್ರೇಕ್ ಕಚ್ಚಿದರು, ಹಸಿ ಗರಸಿನ ಮೇಲೆ ಚಕ್ರ ಎಡಕ್ಕೆ ಜಾರಿತು, ಹ್ಯಾಂಡಲ್ಲಿನ ತುದಿ ಅಜ್ಜಿಯ ಮಣಿಕಟ್ಟಿಗೆ ಬಡಿಯಿತು. ಮಗು ನಿಂತಲ್ಲೇ ನಿಂತಿತು.

ಹಾಗಾದರೆ ಬೆಲ್ ಬೇಡವೇ? ಬೇಕು, ದೂರದಲ್ಲಿ ಬೇಕು. 30 ಮೀಟರ್ ಹಿಂದಿನಿಂದ ಹೊಡೆದರೆ ಮುಂದಿನವರಿಗೆ ಐದಾರು ಸೆಕೆಂಡ್ ಸಿಗುತ್ತದೆ. ಕೇಳಿ, ತಿರುಗಿ, ಮಗು ಎಲ್ಲಿದೆ ಎಂದು ನೋಡಿ, ಒಂದೇ ಬದಿಗೆ ಸರಿಯಲು ಅಷ್ಟು ಸಾಕು. 5 ಮೀಟರ್‌ನಲ್ಲಿ ಹೊಡೆದರೆ ಒಂದು ಸೆಕೆಂಡೂ ಸಿಗದು, ಬೆಚ್ಚಿಬೀಳಲು ಮಾತ್ರ ಸಾಲುತ್ತದೆ. ಕಿವಿ ಕೇಳಿಸದವರಿಗೆ ಎಷ್ಟು ದೂರದಲ್ಲಿ ಹೊಡೆದರೂ ಒಂದೇ.

ಬೇರೆಡೆಯ ನಿಯಮಗಳು

ಸಭೆಗೆ ಒಯ್ಯಲು ಎಂದು ಬೇರೆ ದೇಶಗಳ ನಿಯಮಗಳನ್ನು ನೋಡಿದೆ. ಎಲ್ಲೆಡೆಯೂ ಹೊರೆ ಬಿದ್ದಿರುವುದು ವೇಗದ ಪಕ್ಷದ ಮೇಲೆ. ಬ್ರಿಟನ್ನಿನಲ್ಲಿ 1968ರ ಗ್ರಾಮಾಂತರ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಾಗಲೇ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು ಎಂಬ ಷರತ್ತು ಹಾಕಿತು. ಅಲ್ಲಿನ ರಸ್ತೆ ನಿಯಮಗಳ ಕೈಪಿಡಿಯಾದ ಹೆದ್ದಾರಿ ಸಂಹಿತೆ 2022ರ ಜನವರಿಯಲ್ಲಿ ತಿದ್ದುಪಡಿಯಾದಾಗ ಇನ್ನೂ ಬಿಡಿಸಿ ಹೇಳಿತು: ನಡೆಯುವವರನ್ನು ಒತ್ತಿಕೊಂಡು ಅಥವಾ ವೇಗವಾಗಿ, ಅದರಲ್ಲೂ ಹಿಂದಿನಿಂದ, ದಾಟಬಾರದು; ಅವರಿಗೆ ಕಿವಿ ಕೇಳಿಸದೆ, ಕಣ್ಣು ಕಾಣಿಸದೆ ಇರಬಹುದು ಎಂಬುದು ನೆನಪಿರಬೇಕು. ಅಮೆರಿಕದ ಕಾಡುದಾರಿಗಳಲ್ಲಿ ಹಳದಿ ತ್ರಿಕೋನದ ಫಲಕವೊಂದು ಸಾಮಾನ್ಯ: ಸೈಕಲ್ ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಜರ್ಮನಿಯಲ್ಲಿ ಎರಡು ನೀಲಿ ಫಲಕಗಳಿವೆ. ನಡೆಯುವವರ ಚಿತ್ರಕ್ಕೂ ಸೈಕಲ್ಲಿನ ಚಿತ್ರಕ್ಕೂ ನಡುವೆ ಅಡ್ಡಗೆರೆ ಇದ್ದರೆ ದಾರಿ ಜಂಟಿ, ಉದ್ದಗೆರೆ ಇದ್ದರೆ ಪಾಲು. ಅಲ್ಲಿನ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಅರಣ್ಯ ಕಾನೂನು ಇನ್ನೂ ಕಟ್ಟುನಿಟ್ಟು: 2 ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ಲೇ ಬೇಡ. ಗುಡ್ಡಗಾಡು ಸೈಕಲ್ಲಿನವರು ಇದರ ವಿರುದ್ಧ ವರ್ಷಗಳಿಂದ ದನಿಯೆತ್ತಿದ್ದಾರೆ.

ಅಗಲದ ವಿಷಯದಲ್ಲಿ ಅಮೆರಿಕದ ವಿನ್ಯಾಸ ಮಾರ್ಗದರ್ಶಿ ಜಂಟಿ ದಾರಿಗೆ ಸುಮಾರು 3 ಮೀಟರ್ ಕೇಳುತ್ತದೆ. ಇಂಗ್ಲೆಂಡಿನ 2020ರ ಮಾರ್ಗಸೂಚಿಯೂ ಗಂಟೆಗೆ 300 ಸೈಕಲ್ಲುಗಳವರೆಗೆ 3 ಮೀಟರ್ ಎನ್ನುತ್ತದೆ, ಅದಕ್ಕಿಂತ ಹೆಚ್ಚಾದರೆ ನಾಲ್ಕೂವರೆ. ನಮ್ಮದು 2.4, ಮಳೆಯ ಮರುದಿನ ಒಂದೂವರೆ.

ಸಲಹೆಗಳ ಸಂತೆ

ಎರಡನೆಯ ಸಭೆಯಲ್ಲಿ ಎಲ್ಲರೂ ಒಪ್ಪಿದ ಸಲಹೆ ದಾರಿ ಅಗಲ ಮಾಡುವುದು. ನಾನು ಒಪ್ಪಲಿಲ್ಲ. ಅಗಲವಾದ ದಾರಿ ಮೊದಲ ವಾರ ನೆಮ್ಮದಿ ಕೊಡುತ್ತದೆ, ಆಮೇಲೆ ವೇಗ ಕೊಡುತ್ತದೆ. ಇಳಿಜಾರಿನ ತಿರುವಿನಲ್ಲಿ 3 ಮೀಟರ್ ಸಿಕ್ಕರೆ 24ರಲ್ಲಿ ಬರುತ್ತಿದ್ದವರು 28ರಲ್ಲಿ ಬರಬಹುದು, ಕಣ್ಣಿಗೆ ಸಿಗುವ ದೂರ ಅದೇ 14 ಉಳಿಯುತ್ತದೆ. ಅಲ್ಲದೆ ಇದು ನಿಸರ್ಗ ಉದ್ಯಾನ. ಅಗಲಿಸಿದ ಪ್ರತಿ ಗೇಣೂ ಕೆರೆಯಂಚಿನ ಹುಲ್ಲು, ಜೊಂಡುಗಳಿಂದ ಕಿತ್ತುಕೊಂಡದ್ದು.

ಸೈಕಲ್ಲನ್ನು ಪೂರ್ತಿ ನಿಷೇಧಿಸಿ ಎಂಬವರೂ ಇದ್ದರು. ಅವರ ಮುಖ್ಯ ವಾದ, ಸೈಕಲ್ ಪ್ರಾಣಿಪಕ್ಷಿಗಳನ್ನು ಬೆದರಿಸುತ್ತದೆ ಎಂಬುದು. ಈ ಮಾತಿಗೆ ಉತ್ತರವಾಗಿ ಒಂದು ಅಧ್ಯಯನವಿದೆ. ಅಮೆರಿಕದ ಯೂಟಾ ರಾಜ್ಯದ ಆ್ಯಂಟಿಲೋಪ್ ದ್ವೀಪದಲ್ಲಿ ಕಾಡೆಮ್ಮೆಯ ಸಂಬಂಧಿಯಾದ ಬೈಸನ್, ಜಿಂಕೆ, ಹುಲ್ಲೆಯಂಥ ಪ್ರಾಂಗ್‌ಹಾರ್ನ್‌ಗಳು ಜನರನ್ನು ಕಂಡು ಹೇಗೆ ಓಡುತ್ತವೆ ಎಂದು ನೋಡಿ 2003ರಲ್ಲಿ ಪ್ರಕಟಿಸಿದ್ದು. ನಡೆದು ಬಂದವರಿಗೂ ಸೈಕಲ್ಲಿನಲ್ಲಿ ಬಂದವರಿಗೂ ಪ್ರಾಣಿಗಳು ತೋರಿದ ಪ್ರತಿಕ್ರಿಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದಾರಿಯಿಂದ 100 ಮೀಟರ್ ಒಳಗಿದ್ದ ಪ್ರಾಣಿ ಎದ್ದು ಓಡುವ ಸಾಧ್ಯತೆ ಶೇಕಡಾ 70. ಅದೇ ಅಧ್ಯಯನದಲ್ಲಿ ಸಂದರ್ಶಕರನ್ನೂ ಮಾತಾಡಿಸಿದ್ದರು. ಪ್ರಾಣಿಗಳಿಗೆ ತೊಂದರೆ ಯಾರಿಂದ ಎಂದು ಕೇಳಿದರೆ ಜನ ಬೆರಳು ತೋರಿಸಿದ್ದು ತಮ್ಮದಲ್ಲದ ಗುಂಪಿನ ಕಡೆಗೆ. ನಾನು ಇದನ್ನು ಸಭೆಯಲ್ಲಿ ಓದಿದಾಗ ಎರಡೂ ಬದಿಯಲ್ಲಿ ಒಂದಿಷ್ಟು ಕೆಮ್ಮು ಕೇಳಿಸಿತು.

ಇನ್ನೊಂದು ಸಲಹೆ ಇಳಿಜಾರಿನ ತಲೆಗೆ ಕಬ್ಬಿಣದ ಅಡ್ಡಗಟ್ಟು ಹಾಕಿ ಸೈಕಲ್ ಇಳಿದು ತಳ್ಳಿಕೊಂಡು ಹೋಗುವಂತೆ ಮಾಡುವುದು. ಇದಕ್ಕೆ ಉತ್ತರ ಕೊಟ್ಟವರು ಗಾಲಿಕುರ್ಚಿಯಲ್ಲಿ ಬರುವ ಒಬ್ಬರು. ಅವರು ಹೆಚ್ಚು ಮಾತಾಡಲಿಲ್ಲ. ಉದ್ಯಾನದ ಇನ್ನೊಂದು ಬಾಗಿಲಿನಲ್ಲಿ ಹಳೆಯ ಅಡ್ಡಗಟ್ಟು ಇದೆ, "ಆ ಬಾಗಿಲಿನಿಂದ ನಾನು ಒಳಗೆ ಬಂದದ್ದನ್ನು ಯಾರಾದರೂ ನೋಡಿದ್ದೀರಾ?" ಎಂದರು. ಅಡ್ಡಗಟ್ಟು ಸೈಕಲ್ಲನ್ನು ನಿಧಾನ ಮಾಡುತ್ತದೆ, ಗಾಲಿಕುರ್ಚಿಯನ್ನೂ ಮಕ್ಕಳ ತಳ್ಳುಗಾಡಿಯನ್ನೂ ನಿಲ್ಲಿಸಿಯೇ ಬಿಡುತ್ತದೆ. ಸಲಹೆ ಅಲ್ಲಿಗೆ ಬಿದ್ದುಹೋಯಿತು.

ವೇಗಮಿತಿಯ ಫಲಕದ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹೆಚ್ಚಿನ ಸೈಕಲ್ಲುಗಳಲ್ಲಿ ವೇಗ ತೋರಿಸುವ ಮುಳ್ಳೇ ಇರುವುದಿಲ್ಲ. ಬ್ಯಾಟರಿ ಸೈಕಲ್ಲುಗಳದ್ದು ಬೇರೆ ಕಥೆ. ಯುರೋಪಿನ ನಿಯಮದಂತೆ 25 ಕಿಲೋಮೀಟರ್ ಮುಟ್ಟುವವರೆಗೆ ಮೋಟಾರು ನೆರವಾಗಬಹುದು, ಅಂದರೆ ಅವು ಏರಿನಲ್ಲೂ ಈ ಇಳಿಜಾರಿನ ವೇಗದಲ್ಲೇ ಹೋಗಬಲ್ಲವು. ಅವುಗಳಿಗಾಗಿ ಬೇರೆಯೇ ಸಭೆ ಬೇಕಾಗುತ್ತದೆ.

ಮಾಡಿದ್ದು

ಮೊದಲು ಚರಂಡಿ. ಇಬ್ಬರು ಕೆಲಸಗಾರರು ಅರ್ಧ ದಿನದಲ್ಲಿ ಎಲೆ ಎತ್ತಿ, ತಗ್ಗಿಗೆ ಗರಸು ತುಂಬಿ, ದಾರಿಯ ಮೈಯನ್ನು ಚರಂಡಿಯ ಕಡೆಗೆ ಚೂರು ವಾಟ ಕೊಟ್ಟು ದಮ್ಮಸು ಮಾಡಿದರು. ಮುಂದಿನ ಮಳೆಗೆ ನೀರು ನಿಲ್ಲಲಿಲ್ಲ. ನೀರು ಹೋದ ತಕ್ಷಣ ನಡೆಯುವವರು ತಾವಾಗಿಯೇ ಪೊದೆ ಬಿಟ್ಟು ದಾರಿಯ ನಡುವಿಗೆ ಬಂದರು. ಯಾರೂ ಹೇಳಿಕೊಡಲಿಲ್ಲ, ಫಲಕವೂ ಹಾಕಲಿಲ್ಲ. ಮಗುವನ್ನು ಕರೆಯುವ ನೀರೂ ಇಲ್ಲವಾಯಿತು. ಒಂದೂವರೆ ತಿಂಗಳು ಮನುಷ್ಯರ ನಡತೆಯ ಮೇಲೆ ವಾದ ಮಾಡಿದ್ದಕ್ಕೆ ಅರ್ಧ ದಿನದ ಸಲಿಕೆ ಕೆಲಸ ಉತ್ತರ ಕೊಟ್ಟಿತು. ಆದರೆ ಅರ್ಧ ಉತ್ತರ, ಏಕೆಂದರೆ 14 ಮೀಟರ್ ಹಾಗೇ ಇತ್ತು.

ಪೊದೆ ಸವರಬೇಕಿತ್ತು. ಅದಕ್ಕೆ ಅಡ್ಡ ಬಂದದ್ದು ಹಕ್ಕಿ. ಪೊದೆಯೊಳಗೆ, ಮೊಣಕಾಲೆತ್ತರದಲ್ಲಿ, ಬಟ್ಟಲಿನಂಥ ಗೂಡು, ಅದರಲ್ಲಿ ಮೂರು ಮೊಟ್ಟೆ. ಉದ್ಯಾನದ ಮೇಲ್ವಿಚಾರಕರು ಮರಿ ಹಾರುವವರೆಗೆ ಕತ್ತರಿ ಮುಟ್ಟಿಸಲು ಬಿಡುವುದಿಲ್ಲ ಎಂದರು, ಸರಿಯಾಗಿಯೇ ಹೇಳಿದರು. ಅಲ್ಲಿಯವರೆಗೆ ಏನು ಮಾಡುವುದು? ಬಿದ್ದ ಮರದ ಎರಡು ದಿಮ್ಮಿ ತಂದು ತಿರುವಿಗೆ 25 ಮೀಟರ್ ಮೊದಲು ದಾರಿಯ ಎಡಬಲಕ್ಕೆ, ಎದುರುಬದುರಾಗಿ ಅಲ್ಲ, ಒಂದರ ಮುಂದೆ ಒಂದು ಬರುವಂತೆ ಇಟ್ಟೆವು. ನಡುವೆ ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಜಾಗ; ಅದನ್ನು ಆ ಗಾಲಿಕುರ್ಚಿಯವರೇ ಬಂದು ಹೋಗಿ ನೋಡಿ ಒಪ್ಪಿದರು. ಸೈಕಲ್ಲಿಗೆ ಅಲ್ಲಿ ಸ್ವಲ್ಪ ಓಲಾಡಿಕೊಂಡು ಹೋಗಬೇಕು, ಓಲಾಡಲು ವೇಗ ಇಳಿಸಲೇಬೇಕು. ಸವಾರರೇ ಮೊದಲು ಪರೀಕ್ಷಿಸಿದರು. ಮೊಬೈಲಿನಲ್ಲಿ 16 ತೋರಿಸಿತು. ಸ್ವಲ್ಪ ಅಂತರ ಉಳಿಸಿಕೊಳ್ಳಲು ಬೇಕಿದ್ದದ್ದು 15. ಒಂದು ದಿಮ್ಮಿಯನ್ನು ಒಂದು ಗೇಣು ಒಳಕ್ಕೆ ತಳ್ಳಿದೆವು.

ಮರಿಗಳು ಹಾರಿಹೋದ ಮೇಲೆ ಪೊದೆಯನ್ನು ಸೊಂಟದೆತ್ತರಕ್ಕೆ ಸವರಿದರು. ಈಗ ಕಾಣುವ ದೂರ 27 ಮೀಟರ್. ಇಲ್ಲಿ ನನಗಿದ್ದ ಅಳುಕು ನಿಜವೂ ಆಯಿತು. ಕಣ್ಣಿಗೆ ದಾರಿ ತೆರೆದದ್ದೇ ತಡ, ಬೆಳಗಿನ ಜಾವದ ಕೆಲವು ಸವಾರರು ದಿಮ್ಮಿಗಳ ಪಕ್ಕದ ಹುಲ್ಲಿನ ಮೇಲೆ ಹಾದು ನೇರ ಇಳಿಯತೊಡಗಿದರು. ಹುಲ್ಲಿನಲ್ಲಿ ಟೈರಿನ ಗಾತ್ರದ ಸಪೂರ ದಾರಿ ಬಿದ್ದಿದೆ. ಅದಕ್ಕೆ ಮುಳ್ಳು ಹಾಕೋಣ ಎಂದರು ಒಬ್ಬರು. ದೊಡ್ಡ ಕಲ್ಲೊಂದನ್ನು ಇಟ್ಟರು. ಈಗ ದಾರಿ ಕಲ್ಲಿನ ಆಚೆ ಬದಿಯಲ್ಲಿ ಬೀಳುತ್ತಿದೆ.

ಅಜ್ಜಿಯ ಮಣಿಕಟ್ಟು ಕೂಡಿಕೊಂಡಿದೆ. ಅವರು ಮತ್ತೆ ಬರುತ್ತಿದ್ದಾರೆ, ಮೊಮ್ಮಗಳೂ ಬರುತ್ತಾಳೆ. ಅವರ ಮನೆಯಲ್ಲಿ ಒಂದು ಹೊಸ ಕಟ್ಟಳೆ ಮಾಡಿಕೊಂಡಿದ್ದಾರಂತೆ: ಬೆಲ್ ಕೇಳಿದರೆ ಮಗು ಇದ್ದಲ್ಲೇ ಮರದಂತೆ ನಿಲ್ಲಬೇಕು, ದೊಡ್ಡವರು ಮಗುವಿನ ಕಡೆ ಹೋಗಬೇಕು. ನಮ್ಮ ಎರಡು ಸಭೆಗಳಲ್ಲಿ ಯಾರಿಗೂ ಹೊಳೆಯದ ಮಾತು ಇದು. ಮೊನ್ನೆ ನಾನು ಸೈಕಲ್ಲಿನಲ್ಲಿ ಹಿಂದಿನಿಂದ ಬಂದು, ಮೂವತ್ತು ಮೀಟರ್ ಇರುವಾಗಲೇ ಬೆಲ್ ಹೊಡೆದೆ. ಹುಡುಗಿ ದಾರಿಯ ನಟ್ಟನಡುವೆ ಎರಡೂ ಕೈ ಮೇಲೆತ್ತಿ ಮರವಾಗಿ ನಿಂತಳು. ಅಜ್ಜಿ ಅವಳ ಬಳಿಗೆ ನಡೆದು ಹೋಗಿ ಮೆಲ್ಲಗೆ ಬದಿಗೆ ಕರೆದುಕೊಂಡರು. ನಾನು ಕಾಲು ಊರಿ ಕಾದೆ. ಕೊಂಬೆಗಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮಳೆ ಬಂದ ಮರುದಿನ ಟೇಪು ಹಿಡಿದು ಇನ್ನೊಮ್ಮೆ ಹೋಗಿದ್ದೆ. ತಿರುವು ಒಣಗಿತ್ತು. ಮೂವತ್ತು ಹೆಜ್ಜೆ ಕೆಳಗೆ, ಚರಂಡಿ ಮತ್ತೆ ದಾರಿಗೆ ಸಮೀಪ ಬರುವಲ್ಲಿ, ಅಂಗೈ ಅಗಲದ ಕೆಸರು ಕಟ್ಟಿತ್ತು. ಅದನ್ನು ತಪ್ಪಿಸಿ ಹುಲ್ಲಿನ ಮೇಲೆ ಹೋದವರ ಹೆಜ್ಜೆ ಆಗಲೇ ಮೂಡಿತ್ತು, ಹೆಜ್ಜೆಗಳ ಮೇಲೆ ಒಂದು ಟೈರಿನ ಗೀರು. ಅಗಲ ಅಳೆದು ಬರೆದುಕೊಂಡೆ: 11 ಸೆಂಟಿಮೀಟರ್.